ಬೀಜದೋಷ, ಮೇದಸ್ಸು, ಕೊಬ್ಬು: ಮೂರು ಶಬ್ದಗಳ ವಿಮರ್ಶೆ

ಆಯುರ್ವೇದಸಂಹಿತೆಗಳಲ್ಲಿ ಬರುವ ‘ಬೀಜ’ವು ಈಗಣ ಜೀವವಿಜ್ಞಾನಿಗಳು ‘ಜೀನ್’ ಎಂದು ಕರೆಯುವ ಪದಾರ್ಥವೇ ಎಂದೂ, ‘ಮೇದಸ್ಸು’ ಎಂಬುದು ‘ಕೊಲೆಸ್ಟರಾಲ್’ ಎಂಬುದೇ ಎಂದೂ ಹೇಳುವ ಪದ್ಧತಿಯು ನಮ್ಮ ಉಪನ್ಯಾಸಗಳಲ್ಲಿಯೂ ಕನ್ನಡದ ವೈದ್ಯಲೇಖನಗಳಲ್ಲಿಯೂ ಬೇರೂರಿದೆ. ಹೀಗೆ ಹೇಳುವವರಲ್ಲಿ ಎರಡು ಪಂಗಡಗಳುಂಟು. ಚರಕನು ಎಲ್ಲವನ್ನೂ ಮೊದಲೇ ಕಂಡಿದ್ದನೆಂದು ಹಿಗ್ಗುವವರು ಒಬ್ಬರು. ಅನುವಾದಕ್ಕೆ ಸಿದ್ಧಶಬ್ದವು ದೊರೆಯಿತೆಂದು ಸಮಾಧಾನಪಡುವವರು ಇನ್ನೊಬ್ಬರು. ಮೊದಲನೆಯವರದು ಅಭಿಮಾನ, ಎರಡನೆಯವರದು ಸೌಕರ್ಯ. ಇವೆರಡರಿಂದಲೂ ಗ್ರಂಥಾರ್ಥಕ್ಕೆ ಹಾನಿಯಾಗಿರುವುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶವು. ಗ್ರಂಥಾರ್ಥಕ್ಕೆ ಮಾತ್ರವಲ್ಲ, ಮನುಷ್ಯರಿಗೂ ಹಾನಿಯಾಗಿದೆ. ಅದರಲ್ಲಿ ಈ ಲೇಖಕನ ಪಾಲೂ ಇದೆ. ಅದನ್ನು ಅದರ ಸ್ಥಾನದಲ್ಲಿ ನಿವೇದಿಸುವೆನು.

ಮೊದಲು ಮೂಲವನ್ನು ನೋಡತಕ್ಕುದು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಎಂಟು ಬಗೆಯ ನಿಂದಿತಶರೀರಿಗಳನ್ನು ಹೇಳುವಾಗ ಅತಿಸ್ಥೂಲನ ವಿಚಾರವು ವಿಸ್ತಾರವಾಗಿ ಬಂದಿದೆ. ಮೇದಸ್ಸು ಮಿತಿಮೀರಿ ಬೆಳೆಯುವುದಕ್ಕೆ ಅತಿಭೋಜನ, ಗುರುಮಧುರಸ್ನಿಗ್ಧಗಳ ಸೇವನೆ, ವ್ಯಾಯಾಮವಿಲ್ಲದಿರುವಿಕೆ, ಹಗಲುನಿದ್ರೆ, ನಿತ್ಯಹರ್ಷ, ನಿಶ್ಚಿಂತತೆ ಮೊದಲಾದುವು ಕಾರಣಗಳೆಂದು ಎಣಿಸುತ್ತ ಕೊನೆಗೆ ‘ಬೀಜಸ್ವಭಾವ’ವೆಂಬ ಕಾರಣವನ್ನೂ ಆಚಾರ್ಯನು ಸೇರಿಸಿರುವನು. ಇದು ಸಾಮಾನ್ಯವಾದ ಮಾತಲ್ಲ. ಮಿಕ್ಕ ಕಾರಣಗಳೆಲ್ಲ ಮನುಷ್ಯನ ನಡತೆಗೆ ಸೇರಿದುವು. ಇದೊಂದು ಮಾತ್ರ ಅವನ ಕೈಯೊಳಗಿಲ್ಲದ್ದು. ದಪ್ಪಗಿರುವವನನ್ನು ಕಂಡೊಡನೆ ಹೊಟ್ಟೆಬಾಕನೆಂದು ತೀರ್ಪುಕೊಡುವ ಲೋಕಕ್ಕೆ ಈ ಒಂದು ಪದವು ತಡೆಯಾಗಿ ನಿಂತಿದೆ.

ಶಾರೀರಸ್ಥಾನದ 3ನೆಯ ಅಧ್ಯಾಯದಲ್ಲಿ ಇನ್ನೂ ಸೂಕ್ಷ್ಮವಾದ ಚರ್ಚೆಯಿದೆ. ಮಗುವು ತಂದೆತಾಯಿಗಳಿಂದ ಹುಟ್ಟುವುದಾದರೆ ಕುರುಡನ ಮಗನು ಕುರುಡನೇಕಾಗನು ಎಂಬುದು ಪೂರ್ವಪಕ್ಷ. ಬೀಜದಲ್ಲಿ ಯಾವ ಭಾಗವು ಕೆಟ್ಟಿರುವುದೋ ಆ ಭಾಗಕ್ಕೆ ಸಂಬಂಧಿಸಿದ ಅವಯವವು ಮಾತ್ರ ವಿಕೃತವಾಗುವುದು, ಕೆಡದಿದ್ದರೆ ಆಗದು ಎಂಬುದು ಸಿದ್ಧಾಂತ. ಮುಂದಿನ ಅಧ್ಯಾಯದಲ್ಲಿ ಬೀಜ, ಬೀಜಭಾಗ, ಬೀಜಭಾಗಾವಯವ ಎಂದು ಮೂರು ಹಂತಗಳನ್ನು ಮಾಡಿದೆ. ಸುಶ್ರುತನಾದರೋ ಚಿಕಿತ್ಸಾಸ್ಥಾನದ 11ನೆಯ ಅಧ್ಯಾಯದಲ್ಲಿ ಪ್ರಮೇಹವನ್ನು ಎರಡಾಗಿ ವಿಭಜಿಸಿ, ಮಾತಾಪಿತೃಗಳ ಬೀಜದೋಷದಿಂದ ಬಂದುದನ್ನು ‘ಸಹಜ’ವೆಂದೂ ಅಪಥ್ಯದಿಂದ ಬಂದುದನ್ನು ‘ಅಪಥ್ಯನಿಮಿತ್ತ’ವೆಂದೂ ಕರೆದಿರುವನು. ಸಹಜದ ರೋಗಿಯು ಕೃಶನು, ಇನ್ನೊಬ್ಬನು ಸ್ಥೂಲನು ಎಂದು ಲಕ್ಷಣವನ್ನೂ ಕೊಟ್ಟಿರುವನು.

ಇಷ್ಟನ್ನು ಓದಿದವರಿಗೆ ‘ಇದೇ ಜೀನ್’ ಎಂದು ಕೂಗಬೇಕೆನಿಸುವುದು ಸ್ವಾಭಾವಿಕವೇ. ನಾನೂ ಸಭೆಗಳಲ್ಲಿ ಕೂಗಿದ್ದೇನೆ. ಆದರೆ ಪದಾರ್ಥವನ್ನು ನಿಧಾನವಾಗಿ ವಿಚಾರಿಸಿದರೆ ಸಮೀಕರಣವು ನಿಲ್ಲದು. ಚರಕನ ಬೀಜವು ಶುಕ್ರಶೋಣಿತಗಳಲ್ಲಿರುವ ದ್ರವ್ಯ. ಗರ್ಭವನ್ನು ಕಟ್ಟುವುದರಲ್ಲಿ ಅದರ ಕಾರ್ಯವು ಮುಗಿಯುವುದು. ಜೀನ್ ಎಂಬುದಾದರೋ ಶರೀರದ ಒಂದೊಂದು ಜೀವಕೋಶದ ಕೇಂದ್ರದಲ್ಲಿಯೂ ಇದ್ದು, ಮನುಷ್ಯನು ಬದುಕಿರುವವರೆಗೂ ದಿನದಿನವೂ ಓದಲ್ಪಡುತ್ತಿರುವ ಲೇಖ. ಚರಕನದು ಮಕ್ಕಳ ಸಾದೃಶ್ಯವನ್ನು ಕಂಡು ಮಾಡಿದ ಅನುಮಾನ. ಮೆಂಡೆಲ್ ಎಂಬ ಸಂನ್ಯಾಸಿಯು 1866ರಲ್ಲಿ ಪ್ರಕಟಿಸಿದ್ದು ಬಟಾಣಿಗಿಡಗಳನ್ನು ಎಣಿಸಿ ಕಂಡ ನಿಯಮ. ಅನುಮಾನವೂ ಪ್ರಮಾಣವೇ ಸರಿ. ಅದನ್ನು ಪ್ರತ್ಯಕ್ಷವೆಂದು ಹೇಳಿದರೆ ಮಾತ್ರ ನಮ್ಮ ನ್ಯಾಯಶಾಸ್ತ್ರಕ್ಕೇ ಅಪಚಾರ.

ಜೀನಿನ ಸ್ವರೂಪವನ್ನು ತಿಳಿಯಲು ನಮ್ಮಂಥವರಿಗೆ ಬೀಜಕ್ಕಿಂತ ಓಲೆಗರಿಯೇ ಹೆಚ್ಚು ಉಪಕಾರಿ. ಗ್ರಂಥಸಂಪಾದಕರಿಗೆಲ್ಲ ಲಿಪಿಕಾರದೋಷವು ಪರಿಚಿತ. ಒಬ್ಬ ಲಿಪಿಕಾರನು ಒಂದಕ್ಷರವನ್ನು ತಪ್ಪಿದರೆ ಅವನ ಪ್ರತಿಯಿಂದ ಇಳಿದ ಪ್ರತಿಗಳಲ್ಲೆಲ್ಲ ಆ ತಪ್ಪು ಇಳಿಯುವುದು. ಆ ಒಂದು ತಪ್ಪಿನಿಂದಲೇ ಪ್ರತಿಗಳ ವಂಶವನ್ನು ನಾವು ಗುರುತಿಸುತ್ತೇವೆ. ಮನುಷ್ಯಶರೀರದಲ್ಲಿ ಬಹುತೇಕ ಪ್ರತಿಯೊಂದು ಜೀನಿಗೂ ಎರಡು ಪ್ರತಿಗಳು: ಒಂದು ತಂದೆಯಿಂದ, ಒಂದು ತಾಯಿಯಿಂದ. ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಕುಡುಗೋಲುಕಣದ ರಕ್ತರೋಗವುಂಟು. ಅಲ್ಲಿಯವರು ಅದನ್ನು ‘ಸಿಕಲ್ ಸೆಲ್’ ಎಂದೇ ಹೇಳುತ್ತಾರೆ. ಅದು ಪೂರ್ಣವಾಗಿ ತೋರಬೇಕಾದರೆ ಎರಡು ಪ್ರತಿಗಳಲ್ಲಿಯೂ ತಪ್ಪಿರಬೇಕು. ಈಗ ಹೇಳಹೊರಟಿರುವ ಕೊಲೆಸ್ಟರಾಲ್ ರೋಗಕ್ಕೆ ಒಂದು ಪ್ರತಿಯ ತಪ್ಪೇ ಸಾಕು.

ಕೊಲೆಸ್ಟರಾಲ್ ನೀರಿನಲ್ಲಿ ಕರಗದ, ಮೇಣದಂಥ ವಸ್ತು. ಅದಿಲ್ಲದೆ ಜೀವಕೋಶಕ್ಕೆ ಹೊದಿಕೆಯಿಲ್ಲ, ಪಿತ್ತರಸವಿಲ್ಲ. ಅದರ ಬಹುಭಾಗವನ್ನು ಶರೀರವು ತಾನೇ ಮಾಡಿಕೊಳ್ಳುವುದು. ಉಂಡ ಅನ್ನದಿಂದ ಬರುವುದು ಸ್ವಲ್ಪ. ರಕ್ತದಲ್ಲಿ ಅದು ಸಣ್ಣ ಸಣ್ಣ ಕಣಗಳಾಗಿ ಸಂಚರಿಸುವುದು, ಅವುಗಳಲ್ಲಿ ಎಲ್.ಡಿ.ಎಲ್. ಎಂಬುದು ಮುಖ್ಯವಾದ ಜಾತಿ. ಯಕೃತ್ತಿನ ಕೋಶಗಳ ಮೇಲೆ ಈ ಕಣಗಳನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಗ್ರಾಹಕಗಳುಂಟು. ಇದನ್ನು 1970ರ ದಶಕದಲ್ಲಿ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ವೈದ್ಯರಿಬ್ಬರಿಗೆ 1985ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಗ್ರಾಹಕವನ್ನು ವಿಧಿಸುವ ಲೇಖವು 19ನೆಯ ವರ್ಣತಂತುವಿನಲ್ಲಿದೆ. ಅದರ ಒಂದು ಪ್ರತಿಯು ಕೆಟ್ಟರೆ ಗ್ರಾಹಕಗಳು ಅರ್ಧವಾಗುವುವು, ಎಲ್.ಡಿ.ಎಲ್. ಹುಟ್ಟಿದಂದಿನಿಂದಲೇ ಸುಮಾರು ಇಮ್ಮಡಿಯಾಗಿರುವುದು. ಲೋಕದಲ್ಲಿ ಸುಮಾರು 250 ಜನರಲ್ಲಿ ಒಬ್ಬರಿಗೆ ಈ ದೋಷವಿದೆಯೆಂದು ಈಚಿನ ಗಣನೆ. ಚಿಕಿತ್ಸೆಯಿಲ್ಲದಿದ್ದರೆ ಇಂಥ ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಐವತ್ತು ವರ್ಷದೊಳಗೆ ಹೃದ್ರೋಗವು ತೋರುವುದು. ಇಂಥವರ ಮಕ್ಕಳಲ್ಲಿ ಒಬ್ಬೊಬ್ಬರಿಗೂ ದೋಷವು ಬರುವ ಸಂಭವವು ಎರಡರಲ್ಲೊಂದು. ಕುರುಡನ ಮಗನು ಕುರುಡನೇ ಏಕಾಗಬೇಕಾಗಿಲ್ಲ ಎಂಬ ಚರಕನ ಪ್ರಶ್ನೆಗೆ ಇಲ್ಲಿ ಸಂಖ್ಯೆಯ ಉತ್ತರವು ದೊರೆತಂತಾಯಿತು.

ಎಲ್ಲರ ಕೊಲೆಸ್ಟರಾಲೂ ಹೀಗೆ ಒಂದೇ ತಪ್ಪಿನಿಂದ ಏರುವುದೆಂದು ಯಾರೂ ತಿಳಿಯಬಾರದು. ಬಹುಮಂದಿಯಲ್ಲಿ ನೂರಾರು ಸಣ್ಣ ಪಾಠಾಂತರಗಳು ಕೂಡಿ, ಊಟ ವ್ಯಾಯಾಮಗಳೊಡನೆ ಬೆರೆತು, ಫಲವನ್ನು ಕೊಡುವುವು. ಪಾಠಾಂತರಗಳಲ್ಲಿ ಒಳ್ಳೆಯವೂ ಉಂಟು. ಪಿ.ಸಿ.ಎಸ್.ಕೆ.9 ಎಂಬ ಜೀನು ಅತಿಯಾಗಿ ಕೆಲಸಮಾಡಿದರೆ ಗ್ರಾಹಕಗಳು ನಾಶವಾಗುವುವೆಂದು 2003ರಿಂದೀಚೆಗೆ ತಿಳಿಯಿತು. ಅದೇ ಜೀನು ಹುಟ್ಟಿನಿಂದ ಕುಂಠಿತವಾದವರಲ್ಲಿ ಕೊಲೆಸ್ಟರಾಲೂ ಹೃದ್ರೋಗವೂ ಕಡಮೆಯೆಂದು ಕೆಲವು ವರ್ಷಗಳಲ್ಲಿಯೇ ಕಂಡುಬಂತು. ಎಂದರೆ ಲಿಪಿಕಾರನ ತಪ್ಪೇ ಮೂಲಪಾಠಕ್ಕಿಂತ ಲೇಸಾದುದು! ಸಂಪಾದಕರಿಗೆ ಇಂಥ ಅನುಭವವು ಆಗೊಮ್ಮೆ ಈಗೊಮ್ಮೆ ಆಗದಿರದು. ‘ಬೀಜದೋಷ’ವೆಂಬ ಪದದಲ್ಲಿ ಇದಕ್ಕೆ ಎಡೆಯೇ ಇಲ್ಲ, ದೋಷವು ಗುಣವಾಗುವುದನ್ನು ಆ ಪದವು ಹೇಳಲಾರದು.

ಇನ್ನು ಮೇದಸ್ಸು. ಅದು ಏಳು ಧಾತುಗಳಲ್ಲಿ ನಾಲ್ಕನೆಯದು. ಮಾಂಸದಿಂದ ಹುಟ್ಟಿ ಅಸ್ಥಿಯನ್ನು ಪೋಷಿಸುವುದು. ಅದಕ್ಕೆ ಉದರವೇ ಮೊದಲಾದ ಸ್ಥಾನಗಳುಂಟು. ವಸೆ, ಮಜ್ಜೆ, ಘೃತ, ತೈಲಗಳಿಂದ ಅದನ್ನು ಬೇರೆಯಾಗಿಯೇ ಎಣಿಸಿದ್ದಾರೆ. ಇಷ್ಟು ಎಚ್ಚರದಿಂದ ವಿಭಾಗಿಸಿದ ಶಾಸ್ತ್ರದ ಪದವನ್ನು ತಂದು, ಆ ಶಾಸ್ತ್ರವು ಕಾಣದಿದ್ದ ವಸ್ತುವಿಗೆ ಅಂಟಿಸಿದರೆ ಎರಡೂ ಮಸುಳುವುವು. ಕೊಲೆಸ್ಟರಾಲ್ ಎಂಬ ಹೆಸರೇ ಬೇರೆ ಕಥೆಯನ್ನು ಹೇಳುತ್ತದೆ. ಶೆವ್ರೂಲ್ ಎಂಬ ಫ್ರೆಂಚ್ ರಸಾಯನಜ್ಞನು ಪಿತ್ತಾಶಯದ ಕಲ್ಲುಗಳಲ್ಲಿ ದೊರೆತ ವಸ್ತುವಿಗೆ ಗ್ರೀಕ್ ಭಾಷೆಯ ಪಿತ್ತವಾಚಕವನ್ನೂ ಘನವಾಚಕವನ್ನೂ ಸೇರಿಸಿ ಹೆಸರಿಟ್ಟನು. ಅನುವಾದಿಸಲೇಬೇಕೆಂದು ಹಟಹಿಡಿದರೆ ‘ಪಿತ್ತಘನ’ವೆಂದಾಗಬೇಕು, ಅದನ್ನು ಕೇಳಿದ ರೋಗಿಯು ನಿಂಬೆಹಣ್ಣಿನ ಪಾನಕವನ್ನು ಕುಡಿದು ಸುಮ್ಮನಾದಾನು. ಕೊಲೆಸ್ಟರಾಲ್ ಎಂಬ ಪದವು ಈಗ ಪಿರಿಯಾಪಟ್ಟಣದ ಸಂತೆಯಲ್ಲಿಯೂ ನಡೆಯುತ್ತದೆ. ನಡೆಯುವುದನ್ನು ನಡೆಯಗೊಡುವುದು ಲೇಸು.

‘ಜೀನ್’ ಶಬ್ದದ ಪಾಡು ಬೇರೆ. ಡೆನ್ಮಾರ್ಕಿನ ಯೊಹಾನ್ಸೆನ್ 1909ರಲ್ಲಿ ಇದನ್ನು ಟಂಕಿಸಿದನು. ಇದರ ಮೂಲವಾದ ಗ್ರೀಕ್ ಧಾತುವಿಗೂ ನಮ್ಮ ‘ಜನ್’ ಧಾತುವಿಗೂ ಸೋದರಸಂಬಂಧ. ಆದರೆ ಕನ್ನಡದಲ್ಲಿ ಜೀನು ಎಂದರೆ ಕುದುರೆಯ ತಡಿ, ಜೀನ ಎಂದರೆ ಕೃಪಣ, ಜೇನಂತೂ ಜೇನುಕುರುಬರ ನಾಡಾದ ಕೋಟೆಯಲ್ಲಿ ಸರ್ವವಿದಿತ. ಕೊಳ್ಳೇಗಾಲದ ಕಡೆಯ ಮಿತ್ರರೊಬ್ಬರು ಶಾಲೆಯಲ್ಲಿ ‘ಜೀನಿನ ದೋಷ’ವೆಂದಾಗ ಹುಡುಗನೊಬ್ಬನು ‘ಜೇನಿನ ದೋಷ’ವೆಂದೇ ಬರೆದುಕೊಂಡನಂತೆ. ‘ವಂಶವಾಹಿ’ ಎಂಬ ಪದವು ಬಳಕೆಗೆ ಬಂದಿರುವುದು ಒಳ್ಳೆಯದೇ. ಅದರಲ್ಲಿರುವ ಕೊರತೆಯೆಂದರೆ, ಅದು ವಂಶಕ್ಕೆ ಒಯ್ಯುವುದನ್ನು ಹೇಳುತ್ತದೆ, ಈ ದೇಹದಲ್ಲಿ ಇಂದು ಮಾಡುವ ಕೆಲಸವನ್ನು ಹೇಳುವುದಿಲ್ಲ. ಆದರೂ ‘ಬೀಜ’ಕ್ಕಿಂತ ವಾಸಿ. ಸುಶ್ರುತನ ‘ಸಹಜ’ವನ್ನಂತೂ ಮುಟ್ಟಲೇಬಾರದು. ಸಂಸ್ಕೃತದಲ್ಲಿ ಕೂಡಹುಟ್ಟಿದ್ದೆಂಬ ಅರ್ಥವಿದ್ದುದು ಕನ್ನಡದಲ್ಲಿ ‘ಚಿಂತೆಗೆ ಕಾರಣವಲ್ಲದ್ದು’ ಎಂಬರ್ಥಕ್ಕೆ ಇಳಿದಿದೆ. ‘ನಿಮ್ಮದು ಸಹಜವಾದ ರೋಗ’ ಎಂದರೆ ಕೇಳಿದವನು ನಿಶ್ಚಿಂತೆಯಿಂದ ಮನೆಗೆ ಹೋಗುವನು.

ಎಲ್ಲಕ್ಕಿಂತ ಕೇಡನ್ನು ಮಾಡಿದ ಪದವು ಅಚ್ಚಗನ್ನಡದ ‘ಕೊಬ್ಬು’. ಕೊಬ್ಬೆಂದರೆ ದೇಹದ ನೆಣವೂ ಹೌದು, ಮನಸ್ಸಿನ ಮದವೂ ಹೌದು. ‘ಅವನಿಗೆ ಕೊಬ್ಬು’ ಎಂಬುದು ಬೈಗಳು. ಕರಪತ್ರಗಳಲ್ಲಿ ‘ರಕ್ತದಲ್ಲಿ ಕೊಬ್ಬು’ ಎಂದು ಬರೆದರೆ ಓದುವವನಿಗೆ ಎರಡು ಅರ್ಥಗಳು ಒಟ್ಟಿಗೆ ಹೊಳೆಯುವುವು: ಉಂಡು ಕೊಬ್ಬಿದವನಿಗೆ ಬರುವ ರೋಗವಿದು, ಆದುದರಿಂದ ನನಗಲ್ಲ.

ನನ್ನ ಅಣ್ಣನವರು ಕೃಷ್ಣರಾಜನಗರ ತಾಲ್ಲೂಕಿನ ಒಂದು ಗ್ರಾಮದಲ್ಲಿ ಉಪಾಧ್ಯಾಯರಾಗಿದ್ದರು. ಕಡ್ಡಿಯಂಥ ದೇಹ, ಒಪ್ಪೊತ್ತಿನ ಊಟ, ದಿನವೂ ಕಾವೇರಿಯವರೆಗೆ ನಡೆದು ಸ್ನಾನ. ಹಿಮ್ಮಡಿಯ ಮೇಲಿನ ನರದ ಬಳಿ ಎರಡು ಕಾಲುಗಳಲ್ಲಿಯೂ ಗಂಟುಗಟ್ಟಿತ್ತು. ಮಣೆಯ ಮೇಲೆ ಕುಳಿತು ಕುಳಿತು ಆದುದೆಂದು ಮನೆಯವರೆಲ್ಲ ತಿಳಿದಿದ್ದೆವು. ಅದು ಕೊಲೆಸ್ಟರಾಲ್ ಸಂಚಯವಾದ ಗಂಟೆಂದೂ ಈ ಕುಲಜರೋಗದ ಪ್ರಸಿದ್ಧ ಚಿಹ್ನೆಯೆಂದೂ ಬಹುಕಾಲದ ಮೇಲೆ ಕೇಳಿದೆನು. 46ನೆಯ ವಯಸ್ಸಿನಲ್ಲಿ ಒಂದು ಬೆಳಗ್ಗೆ ಎದೆನೋವೆಂದರು, ಮಧ್ಯಾಹ್ನಕ್ಕೆ ಇರಲಿಲ್ಲ. ನಮ್ಮ ತಂದೆಯವರೂ ಸುಮಾರು ಅದೇ ಪ್ರಾಯದಲ್ಲಿ ಹೋದವರು.

ಕೆಲವು ವರ್ಷಗಳ ತರುವಾಯ ಅಣ್ಣನ ಮಗನು ರಕ್ತಪರೀಕ್ಷೆಯ ಚೀಟಿಯನ್ನು ಹಿಡಿದು ನನ್ನಲ್ಲಿಗೆ ಬಂದನು. “ಚಿಕ್ಕಪ್ಪ, ಕೊಬ್ಬು ಜಾಸ್ತಿ ಅಂತಾರೆ. ಅಪ್ಪ ತುಪ್ಪಾನೇ ಮುಟ್ಟುತ್ತಿರಲಿಲ್ಲವಲ್ಲ?” ಎಂದನು. ಮನೆಯಲ್ಲಿ ಶಾಸ್ತ್ರವನ್ನು ಓದಿದವನು ನಾನು. ಚರಕನ ಚಿಕಿತ್ಸಾಸ್ಥಾನದ 6ನೆಯ ಅಧ್ಯಾಯವು ಬಾಯಿಗೆ ಬಂದಿತು. ಪ್ರಮೇಹಿಯ ಮಗನಾಗಿ ಹುಟ್ಟಿದವನ ರೋಗವು ಬೀಜದೋಷದ ಕಾರಣ ಅಸಾಧ್ಯವೆಂದೂ, ಕುಲಜವಾದ ವಿಕಾರಗಳೆಲ್ಲ ಅಸಾಧ್ಯವೆಂದೂ ಅಲ್ಲಿ ಹೇಳಿರುವುದು. ಅದನ್ನೇ ಅವನಿಗೆ ಹೇಳಿ, ವಂಶದಲ್ಲಿ ಬಂದುದಕ್ಕೆ ಔಷಧವಿಲ್ಲ, ಪಥ್ಯದಲ್ಲಿರು, ದೈವವನ್ನು ನಂಬು ಎಂದು ಕಳುಹಿಸಿದೆನು. ಅವನು ಐದು ವರ್ಷ ಹಾಗೆಯೇ ನಡೆದನು. ಮದುವೆಯ ಮನೆಗಳಲ್ಲಿ ಹೋಳಿಗೆಯನ್ನೂ ಬಿಟ್ಟು ಎದ್ದುದನ್ನು ನಾನು ಮೆಚ್ಚಿಕೊಂಡೆನು. ಎಲ್.ಡಿ.ಎಲ್. ಮಾತ್ರ ಅಲುಗಲಿಲ್ಲ. ಕೊನೆಗೆ ಮೈಸೂರಿನ ವೈದ್ಯರೊಬ್ಬರು ಅವನ ಕಾಲನ್ನು ಮುಟ್ಟಿನೋಡಿ, ತಂದೆ ತಾತಂದಿರ ವಯಸ್ಸನ್ನು ಕೇಳಿ, ಸ್ಟಾಟಿನ್ ಎಂಬ ಔಷಧವನ್ನು ಕೊಟ್ಟರು. ಅದರ ಮೂಲವನ್ನು ಜಪಾನಿನ ಅಕಿರಾ ಎಂಡೊ ಎಂಬಾತನು 1970ರ ದಶಕದಲ್ಲಿ ಬೂಷ್ಟಿನಲ್ಲಿ ಕಂಡನು. ಅದು ಯಕೃತ್ತಿನಲ್ಲಿ ಕೊಲೆಸ್ಟರಾಲಿನ ತಯಾರಿಕೆಯನ್ನು ತಗ್ಗಿಸುವುದು; ಕೊರತೆಯನ್ನು ಕಂಡ ಕೋಶವು ಉಳಿದಿರುವ ಒಳ್ಳೆಯ ಪ್ರತಿಯಿಂದಲೇ ಹೆಚ್ಚು ಗ್ರಾಹಕಗಳನ್ನು ಮಾಡಿಕೊಳ್ಳುವುದು. ಕೆಲವು ತಿಂಗಳುಗಳಲ್ಲಿ ಲೆಕ್ಕವು ಅರ್ಧಕ್ಕಿಳಿಯಿತು.

ಆ ಮೇಲೆ ನಾನು ಸೂತ್ರಸ್ಥಾನದ 10ನೆಯ ಅಧ್ಯಾಯವನ್ನು ಮತ್ತೆ ತೆಗೆದೆನು. ಅಸಾಧ್ಯವು ಎರಡು ವಿಧವೆಂದು ಅಲ್ಲಿ ಸ್ಪಷ್ಟವಾಗಿದೆ: ಉಪಕ್ರಮಿಸಲೇ ಬಾರದ್ದು ಒಂದು, ‘ಯಾಪ್ಯ’ವೆಂಬುದು ಇನ್ನೊಂದು. ಪಥ್ಯೌಷಧಗಳು ನಡೆಯುವವರೆಗೂ ತಡೆದು ನಿಲ್ಲುವುದು, ಬಿಟ್ಟರೆ ಮರಳುವುದು ಯಾಪ್ಯ. ಬೀಳುವ ಮನೆಗೆ ಊರುಗಂಬವನ್ನು ಕೊಟ್ಟ ಹಾಗೆಂದು ಸುಶ್ರುತನ ಹೋಲಿಕೆ. ಇದನ್ನು ನಾನು ಇಪ್ಪತ್ತನೆಯ ವಯಸ್ಸಿನಲ್ಲಿಯೇ ಪಾಠಹೇಳಿಸಿಕೊಂಡಿದ್ದೆನು. ಕುಲಜವು ಅಸಾಧ್ಯವೆಂಬಲ್ಲಿ ಯಾವ ಅಸಾಧ್ಯವೆಂದು ಆಚಾರ್ಯನು ಹೇಳಿಲ್ಲ; ಹೇಳದಿರುವಾಗ ಯಾಪ್ಯವನ್ನು ಹೊರಗಿಡುವ ಅಧಿಕಾರವು ಓದುಗನಿಗಿಲ್ಲ. ಪ್ರಮೇಹಗಳಲ್ಲಿ ಪಿತ್ತಜವಾದುವು ಯಾಪ್ಯವೆಂಬ ಮಾತು ಆ ಪ್ರಕರಣಕ್ಕೇ ಸೇರಿದುದು. ಎಂದರೆ ಪ್ರಕರಣವನ್ನು ಬಿಟ್ಟು ವಾಕ್ಯವನ್ನು ಹಿಡಿದೆನು. ಇದು ಮೀಮಾಂಸೆಯ ಮೊದಲನೆಯ ಪಾಠದಲ್ಲಿಯೇ ನಿಷಿದ್ಧವಾದ ತಪ್ಪು, ಗ್ರಂಥದ ತಪ್ಪಲ್ಲ.

ಇನ್ನೊಂದು ತೆರನ ದುರ್ವಿನಿಯೋಗವನ್ನೂ ಹೇಳಬೇಕಾಗಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವಂಶದಲ್ಲಿ ಹುಟ್ಟಿ, 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ವಾರ್ಧಕಷಟ್ಪದಿಯಲ್ಲಿ ರಚಿತವಾದ ಪಾಕಗ್ರಂಥ. ಚಂಗಾಳ್ವರ ಆಶ್ರಯಕ್ಕೆ ಸೇರಿದ ಮನೆತನದ ಈ ಜೈನಕವಿಯ ಗ್ರಂಥವನ್ನು ಮುಂದಿಟ್ಟುಕೊಂಡು, ನಮ್ಮ ಪೂರ್ವಿಕರು ಹೀಗೆ ತುಪ್ಪ ಸಕ್ಕರೆಗಳನ್ನು ಸುರಿದುಣ್ಣುತ್ತಿದ್ದರೂ ಹೃದ್ರೋಗವನ್ನು ಅರಿಯರೆಂದು ವಾದಿಸುವವರನ್ನು ಕೇಳಿದ್ದೇನೆ. ಪ್ರಭುವಿನ ಪಾಕಶಾಲೆಯು ನಾಡಿನ ಅಡುಗೆಮನೆಯಲ್ಲ. ಕಲ್ಲಹಳ್ಳಿಯ ಒಕ್ಕಲಿನವರು ಉಂಡುದು ರಾಗಿ, ಹುರುಳಿ, ಸೊಪ್ಪು. ಪಾಕಗ್ರಂಥವು ರೋಗವನ್ನು ಹೇಳದಿರುವುದು ರೋಗವಿಲ್ಲದಿದ್ದುದಕ್ಕೆ ಸಾಕ್ಷಿಯೂ ಅಲ್ಲ. ಮಂಗರಸನನ್ನು ಪದಸಂಪತ್ತಿಗಾಗಿ ಓದೋಣ, ರಕ್ತಪರೀಕ್ಷೆಗಾಗಿ ಬೇಡ.

ಬೀಜವೊಂದೇ ಎಲ್ಲವೆಂಬ ಪಕ್ಷವೂ ನಿಲ್ಲದು. ಗರ್ಭಕ್ಕೆ ಋತು, ಕ್ಷೇತ್ರ, ಅಂಬು, ಬೀಜಗಳೆಂಬ ನಾಲ್ಕು ಸಾಮಗ್ರಿಗಳನ್ನು ಸುಶ್ರುತನು ಹೇಳಿರುವನು. ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ರೈತನಿಗೆ ಇದನ್ನು ವಿವರಿಸಬೇಕಾದುದಿಲ್ಲ. ಒಂದೇ ಬೀಜವು ಒಂದು ಹೊಲದಲ್ಲಿ ಒಂದು ಬಣ್ಣದ ಎಲೆಯನ್ನೂ ಇನ್ನೊಂದರಲ್ಲಿ ಇನ್ನೊಂದನ್ನೂ ಕೊಡುವುದನ್ನು ಅವನು ಬಲ್ಲನು. (ಆ ಎಲೆಯ ಹೊಗೆಯೇ ಕುಲಜದೋಷವುಳ್ಳವನ ಹೃದಯಕ್ಕೆ ಎರಡನೆಯ ಶತ್ರುವೆಂಬುದು ಬೇರೆ ಮಾತು.) ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದವರ ಜನನತೂಕದ ದಾಖಲೆಗಳನ್ನು ಹಿಡಿದು, ಅವರಲ್ಲಿ 517 ಮಂದಿಯನ್ನು ಪ್ರಾಯದಲ್ಲಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದುಂಟು. ಐದೂವರೆ ಪೌಂಡಿಗೆ ಮೀರದೆ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಏಳು ಪೌಂಡಿಗೆ ಮೇಲ್ಪಟ್ಟವರಲ್ಲಿ ನೂರಕ್ಕೆ 3. ಸಂಖ್ಯೆಯು ಅಲ್ಪವಾದುದರಿಂದ ಇದೊಂದನ್ನೇ ಸಿದ್ಧಾಂತವೆನ್ನಲಾಗದು. ಆದರೂ ತಾಯಿಯ ದೇಹವೆಂಬ ಕ್ಷೇತ್ರದ ಕ್ಷಾಮವು ಮಗನ ನಲುವತ್ತನೆಯ ವರ್ಷದಲ್ಲಿ ತೋರಬಹುದೆಂಬುದಕ್ಕೆ ನಮ್ಮ ಜಿಲ್ಲೆಯ ಕಡತಗಳೇ ಸಾಕ್ಷಿ ನುಡಿದುವು. ಇಲ್ಲಿಯೂ ಸುಶ್ರುತನು ಜನನತೂಕವನ್ನು ಅಳೆದಿದ್ದನೆಂದು ಯಾರೂ ಹೇಳದಿರಲಿ.

ಶಾಸ್ತ್ರವನ್ನು ಕನ್ನಡಕ್ಕೆ ತರುವಾಗ ಎಚ್ಚರದಿಂದ ಮಾರ್ಪಡಿಸುವುದು ನಮಗೆ ಹೊಸತಲ್ಲ. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸುವಾಗ ಮದ್ಯಮಾಂಸಮಧುಗಳಿಲ್ಲದ ಚಿಕಿತ್ಸೆಯನ್ನೇ ಹಿಡಿದನು; ತನ್ನ ಓದುಗರು ಯಾರೆಂಬುದು ಅವನಿಗೆ ತಿಳಿದಿತ್ತು. ಕೊಲೆಸ್ಟರಾಲನ್ನು ಹಾಗೆಯೇ ಇಟ್ಟುಕೊಂಡು, ಜೀನಿಗೆ ವಂಶವಾಹಿಯನ್ನು ಒಪ್ಪಿ, ರೋಗಕ್ಕೆ ‘ಕುಲಜ’ವೆಂಬ ಪದವನ್ನು ‘ಯಾಪ್ಯ’ದೊಡನೆಯೇ ಬಳಸಬೇಕೆಂಬುದು ನನ್ನ ಸೂಚನೆ. ‘ಕೊಬ್ಬು’ ನೆಣಕ್ಕೂ ಬೈಗಳಿಗೂ ಇರಲಿ.

ಅಣ್ಣನ ಮಗನ ಮಗಳಿಗೆ ಈಗ ಒಂಬತ್ತು ವರ್ಷ. ಇಂಥ ಮನೆಗಳ ಮಕ್ಕಳನ್ನು ಹತ್ತರೊಳಗೆ ಪರೀಕ್ಷಿಸಬೇಕೆಂದು ವೈದ್ಯರು ಹೇಳಿದುದರಿಂದ ಬರುವ ತಿಂಗಳು ಮೈಸೂರಿಗೆ ಕರೆದೊಯ್ಯುವವರಿದ್ದಾರೆ. ಕುಲಜವಿಕಾರಗಳ ಅಸಾಧ್ಯತ್ವವನ್ನು ಕುರಿತು ಕನ್ನಡ ಟೀಕೆಗಳೇನಾದರೂ ಯಾಪ್ಯವೆಂಬ ವಿವರಣೆಯನ್ನು ಕೊಟ್ಟಿರುವುವೇ ಎಂಬುದನ್ನು ನೋಡಬೇಕಾಗಿದೆ. ಸಾಲಿಗ್ರಾಮ, ಪಿರಿಯಾಪಟ್ಟಣ, ಹುಣಸೂರುಗಳ ಕಡೆಯ ವೈದ್ಯರ ಮನೆಗಳಲ್ಲಿ ಓಲೆಗರಿಯ ವೈದ್ಯಗ್ರಂಥಗಳನ್ನು ಉಳ್ಳ ಮಹನೀಯರು ಪ್ರಮೇಹಪ್ರಕರಣದ ಪಾಠವನ್ನು ಪತ್ರಿಕೆಯ ಮೂಲಕ ತಿಳಿಸಿದರೆ ಉಪಕೃತನಾಗುವೆನು.